ಯಾವುದು ಮೊದಲು, ಯಾವುದು ಆಮೇಲೆ

ಸುಳ್ಳುಸಾಕ್ಷಿ ಹೆಚ್ಚು ಘೋರವೋ, ಕಳ್ಳಸಾಗಣೆಯೋ? ಖೋಟಾನೋಟು ಅಚ್ಚುಹಾಕುವವನು ದೊಡ್ಡ ಅಪರಾಧಿಯೋ, ಮನೆಗೆ ಬೆಂಕಿ ಇಡುವವನೋ? ಷಿಕಾಗೊ ವಿಶ್ವವಿದ್ಯಾಲಯದ 266 ವಿದ್ಯಾರ್ಥಿಗಳು ಇಂಥ ಜೋಡಿಗಳಿಗೆ ಒಂದಾದ ಮೇಲೊಂದರಂತೆ ಉತ್ತರ ಗುರುತು ಹಾಕಿದರು. ಪಟ್ಟಿಯಲ್ಲಿದ್ದ ಅಪರಾಧಗಳು 19. ಎರಡೆರಡನ್ನು ಎದುರುಬದುರು ನಿಲ್ಲಿಸಿದರೆ 171 ಜೋಡಿಗಳಾಗುತ್ತವೆ. ಈ ಕೆಲಸ ಮಾಡಿಸಿದವನು ಮನಶ್ಶಾಸ್ತ್ರಜ್ಞ ಎಲ್. ಎಲ್. ಥರ್ಸ್ಟನ್. 1927ರಲ್ಲಿ ಅವನು ಪ್ರಕಟಿಸಿದ ಫಲಿತಾಂಶದಲ್ಲಿ ಅತ್ಯಾಚಾರ ಎಲ್ಲಕ್ಕಿಂತ ಮೇಲಿತ್ತು, ಕೊಲೆ ಅದರ ಕೆಳಗೆ, ದುಡಿಮೆಯಿಲ್ಲದೆ ಬೀದಿ ಅಲೆಯುವುದು ತೀರಾ ತಳದಲ್ಲಿ. ಕ್ರಮ ಮಾತ್ರವಲ್ಲ, ಯಾವುದಕ್ಕೂ ಯಾವುದಕ್ಕೂ ನಡುವೆ ಎಷ್ಟು ಅಂತರ ಎಂಬುದನ್ನೂ ಅವನು ಗೆರೆಯ ಮೇಲೆ ಗುರುತಿಸಿದ್ದ. ಘೋರತೆಯನ್ನು ಅಳೆಯಲು ತಕ್ಕಡಿಯಿಲ್ಲ, ಸೇರು ಪಾವಿಲ್ಲ. ಬರೀ ‘ಇದಕ್ಕಿಂತ ಅದು’ ಎಂಬ ಉತ್ತರಗಳಿಂದ ಅಳತೆಪಟ್ಟಿ ಹುಟ್ಟಿತ್ತು.

ಅವನ ಉಪಾಯ ಹೀಗಿತ್ತು. ಒಂದು ವಸ್ತು ಮನಸ್ಸಿನಲ್ಲಿ ಎಬ್ಬಿಸುವ ಅಲೆ ಪ್ರತಿಸಲವೂ ಒಂದೇ ಎತ್ತರದ್ದಲ್ಲ. ಈಗ ಸ್ವಲ್ಪ ಜಾಸ್ತಿ, ಇನ್ನೊಮ್ಮೆ ಸ್ವಲ್ಪ ಕಡಿಮೆ. ಆ ಎತ್ತರಗಳನ್ನೆಲ್ಲ ಒಟ್ಟು ಮಾಡಿದರೆ ಗಂಟೆಯಾಕಾರದ ವಕ್ರರೇಖೆ ಸಿಗುತ್ತದೆ. ಎರಡು ವಸ್ತುಗಳು ಎದುರಾದಾಗ ಆ ಗಳಿಗೆಯಲ್ಲಿ ಯಾವುದರ ಅಲೆ ಎತ್ತರವೋ ಅದು ಗೆಲ್ಲುತ್ತದೆ. ನೂರಕ್ಕೆ 50 ಸಲ ಗೆದ್ದರೆ ಎರಡೂ ಒಂದೇ ಜಾಗದಲ್ಲಿವೆ. 84 ಸಲ ಗೆದ್ದರೆ ಒಂದು ಮಾನದಷ್ಟು ದೂರ. 98 ಸಲ ಗೆದ್ದರೆ ಸುಮಾರು ಎರಡು ಮಾನ. ನೂರಕ್ಕೆ ನೂರೂ ಸಲ ಗೆದ್ದುಬಿಟ್ಟರೆ? ಆಗ ದೂರ ಎಷ್ಟೆಂದು ಹೇಳಲು ಬರುವುದಿಲ್ಲ. ಗೊಂದಲವೇ ಇಲ್ಲಿ ಅಳತೆಗೋಲು, ಅದು ಇಲ್ಲದ ಕಡೆ ಅಳತೆಯೂ ಇಲ್ಲ. ಈ ಒಂದು ಮಾತಿಗಾಗಿಯೇ ಥರ್ಸ್ಟನ್‌ನನ್ನು ಮತ್ತೆ ಮತ್ತೆ ಓದಬೇಕು ಎನಿಸುತ್ತದೆ.

ಆದರೆ ಅಲೆ ಯಾರದು? ಥರ್ಸ್ಟನ್ ತನ್ನ ನಿಯಮವನ್ನು ಐದು ಸಂದರ್ಭಗಳಾಗಿ ವಿಂಗಡಿಸಿದ್ದ. ಮೊದಲನೆಯದರಲ್ಲಿ ಒಬ್ಬನೇ ಮನುಷ್ಯ ಒಂದೇ ಜೋಡಿಯನ್ನು ಹಲವು ಸಲ ನೋಡಿ ತೀರ್ಪು ಕೊಡುತ್ತಾನೆ. ಎರಡನೆಯದರಲ್ಲಿ ಹಲವು ಮಂದಿ ಒಂದೊಂದೇ ಸಲ ಕೊಡುತ್ತಾರೆ. ಗಣಿತ ಎರಡಕ್ಕೂ ಒಂದೇ. ಮೊದಲನೆಯದರಲ್ಲಿ ಏರಿಳಿತ ಒಬ್ಬನ ಮನಸ್ಸಿನ ಓಲಾಟ, ಎರಡನೆಯದರಲ್ಲಿ ಜನಜನರ ನಡುವಿನ ವ್ಯತ್ಯಾಸ. ಎರಡನ್ನೂ ಒಂದೇ ಸೂತ್ರದಲ್ಲಿ ಕಟ್ಟಿದ್ದು ಅಂದಿಗೆ ಅನುಕೂಲವಾಯಿತು. ಅಲ್ಲಿಂದ ಈಚೆಗೆ ಮನಶ್ಶಾಸ್ತ್ರದಲ್ಲಿ ಮೆಚ್ಚುಗೆಯ ಕ್ರಮಗಳನ್ನು ಲೆಕ್ಕಕ್ಕೆ ತರಲು ಹುಟ್ಟಿದ ವಿಧಾನಗಳೆಲ್ಲ, ನನ್ನ ಓದಿನ ಮಟ್ಟಿಗೆ, ಈ ಒಂದು ಗಂಟನ್ನು ಬಿಚ್ಚುವ ಪ್ರಯತ್ನಗಳೇ. ಮೆಚ್ಚುಗೆಯ ಕ್ರಮದಲ್ಲಿ ನೀವು ಹಚ್ಚಿದ ಸಾಲು ನನ್ನ ಸಾಲಿಗಿಂತ ಬೇರೆಯಾಗಿದ್ದರೆ, ನಮ್ಮ ರುಚಿಯೇ ಬೇರೆಯೋ ಅಥವಾ ನಮ್ಮಲ್ಲಿ ಯಾರೋ ಆ ಹೊತ್ತು ಸರಿಯಾಗಿ ಯೋಚಿಸಲಿಲ್ಲವೋ?

ಮೊದಲಿನ ಕಥೆಯನ್ನು ಬೇಗ ಮುಗಿಸಬಹುದು. ಲೈಪ್ಜಿಗ್‌ನ ಗುಸ್ತಾವ್ ಫೆಕ್ನರ್ 1870ರ ದಶಕದಲ್ಲಿ ಹತ್ತು ಆಯತಗಳನ್ನು ಮೇಜಿನ ಮೇಲೆ ಹರಡಿ ಯಾವುದು ಚೆಂದ ಎಂದು ಕೇಳಿದ್ದ. ಸುವರ್ಣ ಅನುಪಾತದ ಆಯತಕ್ಕೆ ಸುಮಾರು ಮೂರನೇ ಒಂದು ಪಾಲು ಜನ ಕೈ ಚಾಚಿದರು. ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ 1904ರಲ್ಲಿ ಎರಡು ಸಾಲುಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ದಾರಿ ತೋರಿಸಿದ. ಮಾರಿಸ್ ಕೆಂಡಲ್ 1938ರಲ್ಲಿ ಇನ್ನೊಂದನ್ನು ಕೊಟ್ಟ. ಸ್ಪಿಯರ್‌ಮನ್ ಹೆಸರು ಬಂದಾಗ ನಮ್ಮವರೊಬ್ಬರನ್ನು ನೆನೆಯದೆ ಮುಂದೆ ಹೋಗಲಾಗದು. ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಕಲಿತದ್ದು ಇದೇ ಸ್ಪಿಯರ್‌ಮನ್ ಬಳಿ. ಕನ್ನಡಿಗರಿಗೆ ಅವರು ನೆನಪಿರುವುದು ಮೈಸೂರಿನಲ್ಲಿ ‘ಆಕಾಶವಾಣಿ’ ಶುರುಮಾಡಿದವರು ಎಂದು, ಸಹಸಂಬಂಧದ ಲೆಕ್ಕಕ್ಕಾಗಿ ಅಲ್ಲ.

ಸಾಲು ಹಚ್ಚುವುದು ಮೇಲ್ನೋಟಕ್ಕೆ ಮಕ್ಕಳಾಟ. ಲೆಕ್ಕಕ್ಕೆ ಕೂತರೆ ಗೊತ್ತಾಗುತ್ತದೆ ಕಷ್ಟ. ಐದು ವಸ್ತುಗಳನ್ನು 120 ರೀತಿಯಲ್ಲಿ ಸಾಲಾಗಿಸಬಹುದು, ಹತ್ತನ್ನು 36,28,800 ರೀತಿಯಲ್ಲಿ. ಮಿಲ್ಟನ್ ರೊಕೀಚ್ 1973ರಲ್ಲಿ ಮನುಷ್ಯರ ಮೌಲ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ 18 ಗುರಿಮೌಲ್ಯಗಳು, 18 ನಡತೆಯ ಮೌಲ್ಯಗಳು ಇದ್ದವು. ಸ್ವಾತಂತ್ರ್ಯ, ಸಮಾನತೆ, ಕುಟುಂಬದ ಭದ್ರತೆ, ಲೋಕಶಾಂತಿ ಹೀಗೆ. ಉತ್ತರಿಸುವವರು ಅಂಟುಚೀಟಿಗಳನ್ನು ಕಿತ್ತು ಕಿತ್ತು ಬೇಕಾದ ಜಾಗಕ್ಕೆ ಹಚ್ಚಬೇಕಿತ್ತು. 18 ಚೀಟಿಗಳನ್ನು ಹಚ್ಚಬಹುದಾದ ಬಗೆಗಳು ಸುಮಾರು 64 ಕೋಟಿ ಕೋಟಿ. ಭೂಮಿಯ ಮೇಲಿನ ಎಲ್ಲರನ್ನೂ ಕೇಳಿದರೂ ಇದರ ಒಂದು ಚೂರನ್ನೂ ನೋಡಿದಂತಾಗುವುದಿಲ್ಲ. ಹಾಗಾಗಿ ‘ಯಾವ ಕ್ರಮ ಎಷ್ಟು ಸಲ ಬಂತು’ ಎಂದು ಎಣಿಸಿ ಕೂರುವುದರಲ್ಲಿ ಅರ್ಥವಿಲ್ಲ. ಕ್ರಮ ಹೇಗೆ ಹುಟ್ಟುತ್ತದೆ ಎಂಬ ಒಂದು ಕಥೆ ಬೇಕು. ಸಂಖ್ಯಾಶಾಸ್ತ್ರದವರು ಮಾದರಿ ಎನ್ನುವುದು ಅಂಥ ಕಥೆಯನ್ನೇ.

ಅತ್ಯಂತ ಚೊಕ್ಕವಾದ ಕಥೆ ಡಂಕನ್ ಲೂಸ್‌ನದು, 1959ರ ಪುಸ್ತಕದಲ್ಲಿ. ಪ್ರತಿಯೊಂದು ವಸ್ತುವಿಗೂ ನಿಮ್ಮ ಮನಸ್ಸಿನಲ್ಲಿ ಒಂದು ತೂಕ ಇದೆ ಎನ್ನಿ: ಕಾಫಿಗೆ 5, ಟೀಗೆ 3, ಬಾದಾಮಿ ಹಾಲಿಗೆ 2. ಮೂರೂ ಮುಂದಿದ್ದಾಗ ಕಾಫಿ ತೆಗೆದುಕೊಳ್ಳುವ ಸಂಭವ ಹತ್ತರಲ್ಲಿ ಐದು. ಕಾಫಿ ಹೋದ ಮೇಲೆ ಉಳಿದ ಎರಡರಲ್ಲಿ ಟೀಗೆ ಐದರಲ್ಲಿ ಮೂರು. ಆದ್ದರಿಂದ ಕಾಫಿ, ಟೀ, ಬಾದಾಮಿ ಹಾಲು ಎಂಬ ಸಾಲಿನ ಸಂಭವ ಅರ್ಧದ ಐದನೇ ಮೂರು, ಅಂದರೆ ನೂರಕ್ಕೆ 30. ಎರಡೇ ವಸ್ತುಗಳಿದ್ದರೆ ಇದು ರಾಲ್ಫ್ ಬ್ರಾಡ್ಲಿ ಮತ್ತು ಮಿಲ್ಟನ್ ಟೆರಿ 1952ರಲ್ಲಿ ಕೊಟ್ಟ ಸೂತ್ರ. ಇನ್ನೂ ಹಿಂದಕ್ಕೆ ಹೋದರೆ 1929ರಲ್ಲೇ ಅರ್ನ್‌ಸ್ಟ್ ಜೆರ್ಮೆಲೊ ಚದುರಂಗದ ಆಟಗಾರರಿಗೆ ಅಂಕ ಕೊಡಲು ಇದನ್ನು ಬಳಸಿದ್ದ. ರಾಬಿನ್ ಪ್ಲಾಕೆಟ್ 1975ರಲ್ಲಿ ಕುದುರೆ ಪಂದ್ಯದ ಉದಾಹರಣೆಯೊಂದಿಗೆ ಪೂರ್ತಿ ಸಾಲಿಗೆ ವಿಸ್ತರಿಸಿದ. ಹೀಗೆ ಚದುರಂಗ, ಆಹಾರದ ರುಚಿ, ಮನಶ್ಶಾಸ್ತ್ರ, ಕುದುರೆ ನಾಲ್ಕೂ ಒಂದೇ ಸೂತ್ರದ ಬಾಗಿಲಲ್ಲಿ ಬಂದು ನಿಂತವು. ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವುದು ಇದೇ, ಲೆಕ್ಕ ಸುಲಭವಾದದ್ದರಿಂದ.

ಸುಲಭವಾದದ್ದಕ್ಕೆ ಬೆಲೆ ತೆರಲೇಬೇಕು. ಈ ಮಾದರಿ ಮನುಷ್ಯ ಮೇಲಿನಿಂದ ಕೆಳಕ್ಕೆ ಆರಿಸುತ್ತ ಹೋಗುತ್ತಾನೆ ಎಂದು ನಂಬುತ್ತದೆ. ನಿಜ ಜೀವನದಲ್ಲಿ ನಾವು ಎಷ್ಟೋ ಸಲ ಬೇಡದ್ದನ್ನು ಮೊದಲು ಪಕ್ಕಕ್ಕೆ ಸರಿಸುತ್ತೇವೆ. ಅದೇ ತೂಕಗಳನ್ನು ತಲೆಕೆಳಗು ಮಾಡಿ, ತಳದಿಂದ ಮೇಲಕ್ಕೆ ಲೆಕ್ಕ ಹಾಕಿ ನೋಡಿ. ಟೀ, ಬಾದಾಮಿ ಹಾಲು, ಕಾಫಿ ಎಂಬ ಸಾಲಿಗೆ ಮೇಲಿನಿಂದ ಬಂದರೆ ನೂರಕ್ಕೆ ಸುಮಾರು 9 ಸಿಗುತ್ತದೆ, ಕೆಳಗಿನಿಂದ ಬಂದರೆ 12. ವ್ಯಕ್ತಿ ಅವನೇ, ತೂಕ ಅವೇ. ದಿಕ್ಕು ಬದಲಾದರೆ ಉತ್ತರ ಬದಲಾಯಿತು. ಲೂಸ್‌ಗೆ ಇದು ಗೊತ್ತಿತ್ತು. ಬಳಸುವವರಲ್ಲಿ ಅನೇಕರು ಮರೆತಿದ್ದಾರೆ.

ಇನ್ನೊಂದು ಆಕ್ಷೇಪಣೆ ಜೆರಾರ್ಡ್ ಡೆಬ್ರೂ ಎತ್ತಿದ್ದು, ಲೂಸ್‌ನ ಪುಸ್ತಕಕ್ಕೆ 1960ರಲ್ಲಿ ಬರೆದ ವಿಮರ್ಶೆಯಲ್ಲಿ. ಒಬ್ಬನ ಮುಂದೆ ಡೆಬುಸಿಯ ರಚನೆಯ ಒಂದು ಧ್ವನಿಮುದ್ರಿಕೆ ಇದೆ, ಬೇತೋವನ್ನನ ಎಂಟನೇ ಸಿಂಫನಿಯ ಒಂದು ಧ್ವನಿಮುದ್ರಿಕೆ ಇದೆ. ಎರಡಕ್ಕೂ ಸಮ ತೂಕ ಎಂದುಕೊಳ್ಳೋಣ. ಈಗ ಅದೇ ಸಿಂಫನಿಯನ್ನು ಬೇರೊಬ್ಬ ನಿರ್ದೇಶಕ ನುಡಿಸಿದ ಇನ್ನೊಂದು ಮುದ್ರಿಕೆ ತಂದಿಟ್ಟರೆ? ಲೂಸ್‌ನ ಲೆಕ್ಕದಲ್ಲಿ ಡೆಬುಸಿಯ ಪಾಲು ಅರ್ಧದಿಂದ ಮೂರನೇ ಒಂದಕ್ಕೆ ಇಳಿಯಬೇಕು. ಡೆಬುಸಿ ಬೇಕೆನ್ನುವವನು ಬೇತೋವನ್ನನ ಎರಡನೇ ಮುದ್ರಿಕೆ ಬಂತೆಂದು ಮನಸ್ಸು ಬದಲಿಸುವನೇ? ಮುಂದೆ ಡೇನಿಯಲ್ ಮ್ಯಾಕ್‌ಫಾಡನ್ ಇದನ್ನೇ ಕೆಂಪು ಬಸ್ಸು, ನೀಲಿ ಬಸ್ಸು ಎಂದು ಹೇಳಿ ಜನಪ್ರಿಯಗೊಳಿಸಿದ. ಆಯ್ಕೆಯ ಮಾದರಿಗಳ ಕೆಲಸಕ್ಕೆ 2000ದಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಏಮಸ್ ಟ್ವರ್ಸ್ಕಿ 1972ರಲ್ಲಿ ಹೇಳಿದ್ದು ಇನ್ನೂ ಮನಸ್ಸಿಗೆ ಹತ್ತಿರದ್ದು. ನಾವು ವಸ್ತುಗಳನ್ನು ತೂಗುವುದಿಲ್ಲ, ಒಂದೊಂದು ಗುಣವನ್ನು ಹಿಡಿದು ಅದಿಲ್ಲದವನ್ನು ಕೈಬಿಡುತ್ತ ಹೋಗುತ್ತೇವೆ. ಬಾಡಿಗೆ ಮನೆ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರಿಲ್ಲದ ಮನೆ ಮೊದಲೇ ಹೋಯಿತು, ಆಮೇಲೆ ಬಾಡಿಗೆ, ಆಮೇಲೆ ಬಿಸಿಲು.

ಥರ್ಸ್ಟನ್‌ನ ಅಲೆಗಳಿಗೆ ಈ ತೊಂದರೆಯಿಲ್ಲ. ಎರಡು ಬೇತೋವನ್ ಮುದ್ರಿಕೆಗಳ ಅಲೆಗಳು ಜೊತೆಯಾಗಿ ಏಳುತ್ತವೆ, ಜೊತೆಯಾಗಿ ಇಳಿಯುತ್ತವೆ ಎಂದು ಬರೆದುಕೊಂಡರೆ ಆಯಿತು. ಹಾಗೆ ಬರೆದರೆ ಸಾಲಿನ ಸಂಭವಕ್ಕೆ ಚಿಕ್ಕ ಸೂತ್ರ ಸಿಗುವುದಿಲ್ಲ. ವಸ್ತುಗಳು ಹೆಚ್ಚಿದಂತೆ ಲೆಕ್ಕ ಬೆಟ್ಟವಾಗುತ್ತದೆ. ದಶಕಗಳ ಕಾಲ ಈ ಮಾದರಿಯನ್ನು ಹೊಗಳಿ ಪಕ್ಕಕ್ಕಿಟ್ಟರು. ಕಂಪ್ಯೂಟರಿನಲ್ಲಿ ಪಗಡೆ ಉರುಳಿಸಿದಂತೆ ಉರುಳಿಸಿ ಉತ್ತರದ ಹತ್ತಿರಕ್ಕೆ ಬರುವ ವಿಧಾನಗಳು 1990ರ ದಶಕದಲ್ಲಿ ಕೈಗೆ ಬಂದ ಮೇಲೆಯೇ ಅದು ಮತ್ತೆ ಎದ್ದದ್ದು.

ಕಾಲಿನ್ ಮ್ಯಾಲೋಸ್ 1957ರಲ್ಲಿ ಬೇರೆ ತುದಿಯಿಂದ ಹೊರಟ. ತೂಕವೂ ಬೇಡ, ಅಲೆಯೂ ಬೇಡ. ಎಲ್ಲರ ನಡುವೆ ಒಂದು ಕೇಂದ್ರ ಸಾಲಿದೆ. ಒಬ್ಬೊಬ್ಬರ ಸಾಲೂ ಅದರಿಂದ ಎಷ್ಟು ಜೋಡಿಗಳಲ್ಲಿ ಹಿಂದುಮುಂದಾಗಿದೆಯೋ ಅಷ್ಟು ದೂರ. ದೂರ ಹೆಚ್ಚಿದಂತೆ ಅಂಥ ಸಾಲು ಅಪರೂಪ. ಸರಿಯಾದ ಉತ್ತರ ಒಂದಿರುವ ಕಡೆ ಇದು ಸೊಗಸಾಗಿ ಕೆಲಸ ಮಾಡುತ್ತದೆ. ಮಾರ್ಕ್ ಸ್ಟೈವರ್ಸ್, ಮೈಕೆಲ್ ಲೀ ಮತ್ತು ಸಂಗಡಿಗರು 2009ರಲ್ಲಿ ಅಮೆರಿಕದ ಅಧ್ಯಕ್ಷರನ್ನು ಕಾಲಾನುಕ್ರಮದಲ್ಲಿ ಜೋಡಿಸಲು ಹೇಳುವಂಥ ಪ್ರಯೋಗಗಳಲ್ಲಿ ಹಲವರ ತಪ್ಪು ಸಾಲುಗಳಿಂದ ಸರಿಯಾದದ್ದಕ್ಕೆ ಹತ್ತಿರದ ಒಂದು ಸಾಲನ್ನು ಹೊರತೆಗೆದು ತೋರಿಸಿದ್ದಾರೆ. ಅಲ್ಲಿ ದೂರ ಎಂದರೆ ತಪ್ಪು. ಹಬ್ಬದ ಊಟದ ವಿಷಯದಲ್ಲಿ ದೂರ ಎಂದರೆ ಏನು? ಒಬ್ಬಟ್ಟಿಗಿಂತ ಕೋಸಂಬರಿಯನ್ನು ಮೇಲಿಟ್ಟವರು ತಪ್ಪು ಮಾಡಿದವರಲ್ಲ. ಗಣಿತಕ್ಕೆ ಈ ಭೇದ ಕಾಣದು, ಕಾಣಬೇಕಾದದ್ದು ಸಂಶೋಧಕರಿಗೆ.

ಈ ಭೇದವನ್ನು ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ಹಿಡಿದವನು ಮಿಷಿಗನ್ ವಿಶ್ವವಿದ್ಯಾಲಯದ ಕ್ಲೈಡ್ ಕೂಂಬ್ಸ್. ಥರ್ಸ್ಟನ್‌ನ ಶಿಷ್ಯನಾಗಿದ್ದೂ ಗುರುವಿನ ದಾರಿ ಬಿಟ್ಟು, 1950ರಲ್ಲಿ ‘ಬಿಚ್ಚುವಿಕೆ’ ಎಂಬ ವಿಧಾನವನ್ನು ಮುಂದಿಟ್ಟ. ನನಗೆ ಈ ಇಡೀ ಶಾಸ್ತ್ರದಲ್ಲಿ ಅತ್ಯಂತ ಸುಂದರವಾಗಿ ಕಾಣುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ಕೂರುತ್ತೇನೆ. ಕೈಗೆ ಒಂದು ದಾರ ತೆಗೆದುಕೊಳ್ಳಿ. ಅದರ ಮೇಲೆ ಎಡದಿಂದ ಬಲಕ್ಕೆ ನಾಲ್ಕು ಗಂಟುಗಳು: ಸಕ್ಕರೆಯಿಲ್ಲದ ಕಾಫಿ, ಒಂದು ಚಮಚ, ಎರಡು ಚಮಚ, ಮೂರು ಚಮಚ. ನಿಮಗೆ ಅತ್ಯಂತ ಹಿಡಿಸುವ ಸಿಹಿ ಈ ದಾರದ ಮೇಲೆ ಎಲ್ಲೋ ಒಂದು ಕಡೆ ಇದೆ. ಅಲ್ಲಿ ದಾರವನ್ನು ಚಿಟಿಕೆಯಲ್ಲಿ ಹಿಡಿದು ಎತ್ತಿ. ಎರಡೂ ತುದಿಗಳು ಕೆಳಕ್ಕೆ ಜೋತುಬೀಳುತ್ತವೆ. ಮೇಲಿನಿಂದ ಕೆಳಕ್ಕೆ ಗಂಟುಗಳು ಬರುವ ಕ್ರಮವೇ ನೀವು ಬಾಯಲ್ಲಿ ಹೇಳುವ ಕ್ರಮ. ಬೇರೊಬ್ಬರು ಬೇರೆ ಕಡೆ ಹಿಡಿದು ಎತ್ತುತ್ತಾರೆ, ಅವರ ಕ್ರಮ ಬೇರೆ. ದಾರ ಮಾತ್ರ ಒಂದೇ. ಸಂಶೋಧಕನ ಕೈಗೆ ಸಿಗುವುದು ಮಡಿಸಿದ ದಾರಗಳು. ಅವನ್ನು ಬಿಚ್ಚಿ ಮೂಲ ದಾರವನ್ನು ಕಾಣುವುದು ಅವನ ಕೆಲಸ.

ನಾಲ್ಕು ಲೋಟಗಳನ್ನು 24 ಬಗೆಯಲ್ಲಿ ಸಾಲಿಡಬಹುದು. ಎಲ್ಲರೂ ಒಂದೇ ದಾರ ಹಿಡಿದಿದ್ದರೆ ಅವುಗಳಲ್ಲಿ ಏಳು ಮಾತ್ರ ಬರಲು ಸಾಧ್ಯ. ಮೂರು ಚಮಚವನ್ನು ಎಲ್ಲಕ್ಕಿಂತ ಮೆಚ್ಚಿ, ಸಕ್ಕರೆಯಿಲ್ಲದ್ದನ್ನು ಎರಡನೆಯದಾಗಿಟ್ಟವರು ಸಿಕ್ಕರೆ ಅವರ ತಲೆಯಲ್ಲಿರುವುದು ಸಿಹಿಯ ದಾರವಲ್ಲ, ಬೇರೇನೋ. ಇನ್ನೊಂದು ಸೋಜಿಗವಿದೆ. ಜನರಲ್ಲಿ ಕೆಲವರು ‘ಎರಡು, ಒಂದು, ಸೊನ್ನೆ, ಮೂರು’ ಎಂದರು ಎನ್ನಿ. ಅವರು ಒಂದಕ್ಕಿಂತ ಎರಡಕ್ಕೆ ಹತ್ತಿರ, ಆದರೂ ಮೂರಕ್ಕಿಂತ ಸೊನ್ನೆಗೆ ಹತ್ತಿರ. ದಾರದ ಮೇಲೆ ಗೆರೆ ಹಾಕಿ ನೋಡಿದರೆ ಇದು ನಡೆಯುವುದು ಒಂದೇ ರೀತಿಯಲ್ಲಿ: ಎರಡಕ್ಕೂ ಮೂರಕ್ಕೂ ನಡುವಿನ ಅಂತರ ಸೊನ್ನೆಗೂ ಒಂದಕ್ಕೂ ನಡುವಿನದಕ್ಕಿಂತ ದೊಡ್ಡದಾಗಿರಬೇಕು. ಅಂದರೆ ನಾಲಿಗೆಗೆ ಮೂರನೆಯ ಚಮಚ ಮೊದಲನೆಯದಕ್ಕಿಂತ ದೊಡ್ಡ ಜಿಗಿತ. ಯಾರೂ ಅಂಕ ಕೊಟ್ಟಿಲ್ಲ, ಯಾರೂ ಅಳೆದಿಲ್ಲ. ಬರೀ ಕ್ರಮ ಕೇಳಿ ಅಂತರವನ್ನು ಹಿಡಿದೆವು. ಥರ್ಸ್ಟನ್ ಗೊಂದಲದಿಂದ ಅಳತೆ ತೆಗೆದರೆ ಕೂಂಬ್ಸ್ ಭಿನ್ನಾಭಿಪ್ರಾಯದಿಂದ ತೆಗೆದ. ಇಲ್ಲಿ ವ್ಯಕ್ತಿ ಸದ್ದುಗದ್ದಲವಲ್ಲ, ದಾರದ ಮೇಲೆ ಅವನಿಗೊಂದು ಜಾಗವಿದೆ.

ತೊಂದರೆ ಬಂದದ್ದು ನಿಜವಾದ ದತ್ತಾಂಶ ಬಂದಾಗ. ಕೂಂಬ್ಸ್‌ನ ದಾರ ತಪ್ಪನ್ನು ಸಹಿಸುವುದಿಲ್ಲ. ಒಬ್ಬ ಅಜಾಗರೂಕತೆಯಿಂದ ಎಂಟನೆಯ ಬಗೆಯ ಸಾಲು ಕೊಟ್ಟರೆ ಸಿದ್ಧಾಂತವೇ ಬಿದ್ದಂತೆ. ದಾರದ ಬದಲು ಹಾಳೆಯ ಮೇಲೆ, ಅಂದರೆ ಎರಡು ಆಯಾಮದಲ್ಲಿ, ಜನರನ್ನೂ ವಸ್ತುಗಳನ್ನೂ ಬಿಂದುಗಳಾಗಿ ಇಡುವ ಪ್ರಯತ್ನಗಳು ಶುರುವಾದವು. ಪಾಲ್ ಗ್ರೀನ್ ಮತ್ತು ವಿಠಲ ರಾವ್ 1972ರಲ್ಲಿ ಪ್ರಕಟಿಸಿದ ಬೆಳಗಿನ ತಿಂಡಿಯ ದತ್ತಾಂಶ ಈ ಕ್ಷೇತ್ರದ ಗರಡಿಮನೆ. 21 ಮಂದಿ ವಿದ್ಯಾರ್ಥಿಗಳು ಮತ್ತು ಅವರ ಜೀವನಸಂಗಾತಿಗಳು, ಒಟ್ಟು 42 ಜನ, 15 ತಿಂಡಿಗಳನ್ನು ಸಾಲುಹಚ್ಚಿದ್ದರು. ಟೋಸ್ಟ್, ಡೋನಟ್, ಮಫಿನ್, ದಾಲ್ಚಿನ್ನಿ ಬನ್, ಹದಿನೈದೂ ಹಿಟ್ಟಿನವೇ. ಐವತ್ತು ವರ್ಷಗಳಿಂದ ಹೊಸ ವಿಧಾನ ಕಂಡುಹಿಡಿದವರೆಲ್ಲ ಅದೇ ತಟ್ಟೆಯ ಮುಂದೆ ಕೂರುತ್ತಾರೆ. ಅಲ್ಲೇ ಕಂಪ್ಯೂಟರಿನ ಕಳ್ಳಾಟವೂ ಬಯಲಾದದ್ದು. ಎಲ್ಲ ತಿಂಡಿಗಳನ್ನೂ ಒಂದು ವೃತ್ತದ ಮೇಲಿಟ್ಟು ಎಲ್ಲ ಜನರನ್ನೂ ನಡುವೆ ಗುಡ್ಡೆ ಹಾಕಿದರೆ ಎಲ್ಲವೂ ಎಲ್ಲರಿಗೂ ಸಮದೂರ. ಲೆಕ್ಕದ ತಪ್ಪು ಸೊನ್ನೆಗೆ ಹತ್ತಿರ, ಅರ್ಥವೂ ಸೊನ್ನೆ. ಇದನ್ನು ತಡೆಯುವ ದಂಡನೆಯೊಂದನ್ನು ಸೂತ್ರದೊಳಗೆ ಸೇರಿಸಿ ಫ್ರಾಂಕ್ ಬುಸಿಂಗ್, ಪ್ಯಾಟ್ರಿಕ್ ಗ್ರೋನೆನ್, ವಿಲ್ಲಮ್ ಹೈಸರ್ 2005ರಲ್ಲಿ ದಾರಿ ಮಾಡಿದರು. ಕೂಂಬ್ಸ್‌ನ ಪ್ರಬಂಧ ಬಂದು ಆಗ 55 ವರ್ಷ.

ಇಷ್ಟೂ ಹೊತ್ತು ಜನರ ಮನಸ್ಸಿನಲ್ಲಿ ಸಾಲು ಎಂಬುದೊಂದು ಇದೆ ಎಂದೇ ನಂಬಿ ಮಾತಾಡಿದೆ. ಇಲ್ಲದಿದ್ದರೆ? ಕೆನೆತ್ ಮೇ 1954ರಲ್ಲಿ 62 ಮಂದಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮೂವರು ಕಾಲ್ಪನಿಕ ವಧುಗಳನ್ನು ಎರಡೆರಡಾಗಿ ಇಟ್ಟ. ಬುದ್ಧಿ, ರೂಪ, ಸಿರಿ ಮೂರರಲ್ಲೂ ಒಬ್ಬೊಬ್ಬಳು ಒಂದೊಂದರಲ್ಲಿ ಮುಂದು. 17 ಜನರ ಉತ್ತರ ಸುತ್ತು ಹೊಡೆಯಿತು: ಮೊದಲನೆಯವಳು ಎರಡನೆಯವಳಿಗಿಂತ ಮೇಲು, ಎರಡನೆಯವಳು ಮೂರನೆಯವಳಿಗಿಂತ, ಮೂರನೆಯವಳು ಮೊದಲನೆಯವಳಿಗಿಂತ. ಹಾವು ತನ್ನ ಬಾಲವನ್ನೇ ಕಚ್ಚಿಕೊಂಡಿತು. ಟ್ವರ್ಸ್ಕಿ 1969ರಲ್ಲಿ ಜೂಜಿನ ಚೀಟಿಗಳಿಂದ ಇದನ್ನೇ ಇನ್ನಷ್ಟು ನಾಜೂಕಾಗಿ ತೋರಿಸಿದ. ಗಮನಿಸಿ, ಇಬ್ಬರೂ ಜೋಡಿಜೋಡಿಯಾಗಿ ಕೇಳಿದ್ದರು. ‘ಮೂವರನ್ನೂ ಸಾಲುಹಚ್ಚಿ’ ಎಂದಿದ್ದರೆ ಆ ಹದಿನೇಳು ಮಂದಿಯೂ ನೆಟ್ಟನೆಯ ಸಾಲು ಕೊಡುತ್ತಿದ್ದರು, ಬೇರೆ ದಾರಿಯೇ ಇಲ್ಲದ್ದರಿಂದ. ಸಾಲು ಕೇಳುವ ಪ್ರಶ್ನಾವಳಿ ಒಂದು ವಿಷಯವನ್ನು ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

ಮೈಕೆಲ್ ರೆಗನ್‌ವೆಟರ್ ಮತ್ತು ಸಂಗಡಿಗರು 2011ರಲ್ಲಿ ಈ ಸುತ್ತುಗಳನ್ನು ಮತ್ತೆ ತನಿಖೆ ಮಾಡಿ ಬೇರೆ ಮಾತು ಹೇಳಿದರು. ಒಬ್ಬನ ಮನಸ್ಸಿನಲ್ಲಿ ಒಂದೇ ಸಾಲಿರಬೇಕೆಂದು ಏಕೆ ಹಟ? ಬೆಳಗ್ಗೆ ಒಂದು ಸಾಲು, ಸಂಜೆ ಇನ್ನೊಂದು, ಎರಡೂ ನೆಟ್ಟಗೆ. ಬೇರೆ ಬೇರೆ ಹೊತ್ತಿನ ಉತ್ತರಗಳನ್ನು ಒಟ್ಟು ಮಾಡಿದಾಗ ಸುತ್ತಿನಂತೆ ಕಾಣುತ್ತದೆ. ಹಳೆಯ ದತ್ತಾಂಶದ ಬಹುಪಾಲು ಇದಕ್ಕೆ ಹೊಂದುತ್ತದೆ ಎಂಬುದು ಅವರ ವಾದ. ಥರ್ಸ್ಟನ್‌ನ ಮೊದಲ ಸಂದರ್ಭ ಮತ್ತೆ ಬಾಗಿಲು ತಟ್ಟಿದಂತೆ.

ಎರಡನೆಯ ಸಂದರ್ಭಕ್ಕೆ, ಜನಜನರ ನಡುವಿನ ಭೇದಕ್ಕೆ, ಮನಶ್ಶಾಸ್ತ್ರಜ್ಞರೇ ಒಂದು ಪಾಠವಾದರು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ತನ್ನ ಅಧ್ಯಕ್ಷರನ್ನು ಆರಿಸುವಾಗ ಮತದಾರರು ಅಭ್ಯರ್ಥಿಗಳನ್ನು ಸಾಲುಹಚ್ಚುತ್ತಾರೆ. 1980ರ ಚುನಾವಣೆಯಲ್ಲಿ ಐವರಿದ್ದರು. ಐವರನ್ನೂ ಪೂರ್ತಿ ಸಾಲುಹಚ್ಚಿದ ಮತಪತ್ರಗಳು 5,738. ಪರ್ಸಿ ಡಯಾಕೊನಿಸ್ ಇವನ್ನು ತೆಗೆದುಕೊಂಡು ಕೂತರು. ಸರಾಸರಿ ಸ್ಥಾನ ನೋಡಿದರೆ ಐವರೂ 3ರ ಆಸುಪಾಸಿನಲ್ಲೇ ಇದ್ದಾರೆ, ಯಾರ ಮೇಲೂ ಯಾರಿಗೂ ವಿಶೇಷ ಒಲವಿಲ್ಲವೇನೋ ಎಂಬಂತೆ. ಒಳಹೊಕ್ಕರೆ ಚಿತ್ರವೇ ಬೇರೆ. ಮೂರನೆಯ ಅಭ್ಯರ್ಥಿಯನ್ನು ನೂರಕ್ಕೆ 28 ಜನ ಮೊದಲಿಗಿಟ್ಟಿದ್ದರು, 23 ಜನ ಕೊನೆಗಿಟ್ಟಿದ್ದರು. ಒಂದು ಮತ್ತು ಮೂರನೆಯವರು ಜೊತೆಯಾಗಿ ಮೇಲೆ ಇಲ್ಲವೆ ಜೊತೆಯಾಗಿ ಕೆಳಗೆ. ನಾಲ್ಕು ಮತ್ತು ಐದನೆಯವರೂ ಹಾಗೆಯೇ. ಮೊದಲ ಜೋಡಿ ಸಂಶೋಧನೆಯ ಕಡೆಯವರು, ಎರಡನೆಯದು ರೋಗಿಗಳನ್ನು ನೋಡುವ ಚಿಕಿತ್ಸಕರು. ಸಂಘದೊಳಗೆ ಎರಡು ಸಂಘಗಳಿದ್ದವು, ಸರಾಸರಿ ಅದನ್ನು ಮುಚ್ಚಿಹಾಕಿತ್ತು. ಸರಾಸರಿ ಸಾಲು ಎಂಬುದು ಎಷ್ಟೋ ಸಲ ಯಾರ ಸಾಲೂ ಆಗಿರುವುದಿಲ್ಲ.

ಇಂಥ ಗುಂಪುಗಳನ್ನು ಮೊದಲೇ ಗೊತ್ತಿಲ್ಲದೆಯೂ ಹೆಕ್ಕುವ ವಿಧಾನಕ್ಕೆ ಸುಪ್ತ ವರ್ಗಗಳ ಮಾದರಿ ಎನ್ನುತ್ತಾರೆ. ಮಾರ್ಸೆಲ್ ಕ್ರೂನ್ 1989ರಲ್ಲಿ 2,262 ಜರ್ಮನರ ಉತ್ತರಗಳ ಮೇಲೆ ಇದನ್ನು ಪ್ರಯೋಗಿಸಿದ. ಶಿಸ್ತು ಕಾಪಾಡುವುದು, ಬೆಲೆಯೇರಿಕೆ ತಡೆಯುವುದು, ಸರ್ಕಾರದಲ್ಲಿ ಜನರಿಗೆ ಹೆಚ್ಚು ಮಾತು, ವಾಕ್‌ಸ್ವಾತಂತ್ರ್ಯ, ನಾಲ್ಕೇ ಗುರಿಗಳು. ಮೊದಲ ಎರಡನ್ನು ಮೇಲಿಡುವವರು ಒಂದು ಬಣ, ಕೊನೆಯ ಎರಡನ್ನು ಮೇಲಿಡುವವರು ಇನ್ನೊಂದು. ಈ ವರ್ಗಗಳಿಗೆ ವಯಸ್ಸು, ಲಿಂಗದಂಥ ಗುರುತುಗಳನ್ನು ಸೇರಿಸುವ ವಿಧಾನವೂ ಆಮೇಲೆ ಬಂತು. ಕ್ಯಾರೊಲಿನ್ ಸ್ಟ್ರೋಬ್ಲ್ ಮತ್ತು ಸಂಗಡಿಗರು 2011ರಲ್ಲಿ ಜರ್ಮನ್ ಟೀವಿಯ ರೂಪದರ್ಶಿಯರ ಸ್ಪರ್ಧೆಯ ಆರು ಮಂದಿಯ ಚಿತ್ರಗಳನ್ನು 192 ಜನರಿಗೆ ಜೋಡಿಜೋಡಿಯಾಗಿ ತೋರಿಸಿದ ದತ್ತಾಂಶವನ್ನು ಮರದಂತೆ ಕವಲೊಡೆಸಿದರು. ಮೊದಲ ಕವಲು ವಯಸ್ಸಿನದು. ಗಂಭೀರ ವಿಧಾನಕ್ಕೆ ಹಗುರ ಉದಾಹರಣೆ, ಆದರೆ ಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ಸಿಗದು.

ಕೆಲಸಕ್ಕೆ ಜನರನ್ನು ಆರಿಸುವ ವ್ಯಕ್ತಿತ್ವ ಪರೀಕ್ಷೆಗಳ ಕಡೆ ಬಂದರೆ ಇದೇ ಗಂಟು ಹೊಟ್ಟೆಪಾಡಿನ ಪ್ರಶ್ನೆಯಾಗುತ್ತದೆ. ‘ನಾನು ಶ್ರಮಜೀವಿ’ ಎಂಬ ಹೇಳಿಕೆಗೆ ಐದಕ್ಕೆ ಐದು ಅಂಕ ಕೊಡದವರು ಯಾರಿದ್ದಾರೆ? ಅದಕ್ಕೇ ಮೂರು ನಾಲ್ಕು ಒಳ್ಳೆಯ ಹೇಳಿಕೆಗಳನ್ನು ಒಟ್ಟಿಗೆ ಕೊಟ್ಟು ‘ನಿಮಗೆ ಹೆಚ್ಚು ಹೊಂದುವುದು ಯಾವುದು’ ಎಂದು ಕೇಳುವ ಪದ್ಧತಿ ಬಂತು. ಜಂಬ ಕೊಚ್ಚಿಕೊಳ್ಳುವುದು ಕಷ್ಟವಾಯಿತು, ನಿಜ. ಆದರೆ ಸಾಲಿನ ಅಂಕಗಳ ಮೊತ್ತ ಎಲ್ಲರಿಗೂ ಒಂದೇ. ರೊಕೀಚ್‌ನ 18 ಚೀಟಿಗಳನ್ನು ಯಾರು ಹೇಗೆ ಹಚ್ಚಿದರೂ ಒಟ್ಟು 171. (ಥರ್ಸ್ಟನ್‌ನ ಜೋಡಿಗಳ ಸಂಖ್ಯೆಯೂ 171. 19 ವಸ್ತುಗಳ ಜೋಡಿಗಳನ್ನು ಎಣಿಸುವುದೂ 1ರಿಂದ 18ರವರೆಗೆ ಕೂಡಿಸುವುದೂ ಒಂದೇ ಎಣಿಕೆಯ ಎರಡು ಮುಖ.) ಒಂದು ಗುಣ ಏರಿದರೆ ಇನ್ನೊಂದು ಇಳಿಯಲೇಬೇಕು. ಹಾಗಾಗಿ ನಿಮ್ಮೊಳಗೆ ಯಾವುದು ಯಾವುದಕ್ಕಿಂತ ಹೆಚ್ಚು ಎಂದು ಹೇಳಬಹುದೇ ಹೊರತು ಆ ಗುಣ ನಿಮ್ಮಲ್ಲಿ ಪಕ್ಕದವರಿಗಿಂತ ಹೆಚ್ಚು ಎಂದು ಹೇಳಲಾಗದು. ರೇಮಂಡ್ ಕ್ಯಾಟೆಲ್ 1944ರಲ್ಲೇ ಇಂಥ ಅಂಕಗಳಿಗೆ ಬೇರೆ ಹೆಸರಿಟ್ಟು ಪ್ರತ್ಯೇಕಿಸಿದ್ದ. ಆದರೂ ಇಬ್ಬರು ಅಭ್ಯರ್ಥಿಗಳನ್ನು ಈ ಅಂಕಗಳಿಂದ ಹೋಲಿಸಿ ಒಬ್ಬರನ್ನು ಮನೆಗೆ ಕಳಿಸುವುದು ದಶಕಗಳ ಕಾಲ ನಡೆಯಿತು. ಆ್ಯನಾ ಬ್ರೌನ್ ಮತ್ತು ಅಲ್ಬರ್ಟೊ ಮೈಡಿಯು-ಒಲಿವಾರೆಸ್ 2011ರಲ್ಲಿ ಥರ್ಸ್ಟನ್‌ನ ಅಲೆಗಳನ್ನೇ ಮತ್ತೆ ತಂದು, ಪ್ರತಿ ಹೇಳಿಕೆಯ ಅಲೆ ಯಾವ ಗುಣದಿಂದ ಏಳುತ್ತದೆ ಎಂದು ಬರೆದು, ಜನರ ನಡುವೆ ಹೋಲಿಸಬಹುದಾದ ಅಂಕಗಳನ್ನು ಹೊರತೆಗೆದರು. ಅದು ಕೆಲಸ ಮಾಡಲು ಹೇಳಿಕೆಗಳ ಗುಂಪುಗಳನ್ನು ಜಾಣತನದಿಂದ ಕಟ್ಟಿರಬೇಕು. ಹಾಗೆ ಕಟ್ಟದ ಹಳೆಯ ಪ್ರಶ್ನಾವಳಿಗೆ ಹೊಸ ಸೂತ್ರ ಬಳಿದರೆ ಏನೂ ಆಗದು.

ಈಚಿನ ದಿನಗಳಲ್ಲಿ ಈ ಮಾದರಿಗಳು ಪ್ರಯೋಗಾಲಯ ಬಿಟ್ಟು ಹೊಲಕ್ಕೂ ಇಳಿದಿವೆ. ‘ಟ್ರೈಕಾಟ್’ ಎಂಬ ವಿಧಾನದಲ್ಲಿ ರೈತರಿಗೆ ಹೆಸರು ಹೇಳದ ಮೂರು ತಳಿಯ ಬೀಜದ ಪೊಟ್ಟಣಗಳನ್ನು ಕೊಡುತ್ತಾರೆ. ಬೆಳೆದು ನೋಡಿ ಯಾವುದು ಚೆನ್ನ, ಯಾವುದು ಕಳಪೆ ಎಂದು ಎರಡೇ ಮಾತು ಹೇಳಿದರೆ ಸಾಕು, ಮಧ್ಯದ್ದು ತಾನೇ ಗೊತ್ತಾಗುತ್ತದೆ. ಭಾರತ, ಇಥಿಯೋಪಿಯಾ, ನಿಕರಾಗುವಾಗಳ 12,000ಕ್ಕೂ ಹೆಚ್ಚು ತಾಕುಗಳಿಂದ ಬಂದ ಇಂಥ ಪುಟ್ಟ ಸಾಲುಗಳನ್ನು ಪ್ಲಾಕೆಟ್–ಲೂಸ್ ಸೂತ್ರದಿಂದ ಹೊಲಿದು 2019ರಲ್ಲಿ ಪ್ರಕಟಿಸಿದರು. ಉತ್ತರಿಸುವವರ ತಾಳ್ಮೆಗೆ ಬೆಲೆ ಕೊಟ್ಟ ವಿಧಾನ ಇದು. ಎಲ್ಲವನ್ನೂ ಎಲ್ಲರನ್ನೂ ಕೇಳಬೇಕಾಗಿಲ್ಲ. ಇನ್ನೊಂದು ಕಡೆ, ಮಾತಾಡುವ ಕಂಪ್ಯೂಟರುಗಳಿಗೆ ನಡತೆ ಕಲಿಸಲು ಜನರಿಗೆ ಎರಡು ಉತ್ತರ ತೋರಿಸಿ ಯಾವುದು ಮೇಲು ಎಂದು ಕೇಳುತ್ತಾರಲ್ಲ, ಅಲ್ಲಿ ನಡೆಯುವ ಲೆಕ್ಕ ಬ್ರಾಡ್ಲಿ–ಟೆರಿಯದೇ. ಅಲ್ಲಿಯೂ ಸಾಮಾನ್ಯವಾಗಿ ಎಲ್ಲ ಜನರ ತೀರ್ಪನ್ನೂ ಒಂದೇ ತೂಕಪಟ್ಟಿಗೆ ಸುರಿಯುತ್ತಾರೆ. ಯಾರ ಮೆಚ್ಚುಗೆ ಎಂಬ ಪ್ರಶ್ನೆ 1927ರಲ್ಲಿದ್ದಲ್ಲೇ ಇದೆ.

ಹಾಗಾದರೆ ಯಾವ ಮಾದರಿ ಒಳ್ಳೆಯದು? ನನ್ನ ತೀರ್ಪು ಮಾದರಿಗಳ ಬಗ್ಗೆ ಅಲ್ಲ, ಕೇಳುವ ರೀತಿಯ ಬಗ್ಗೆ. ಪ್ರತಿಯೊಬ್ಬರಿಂದ ಒಂದೇ ಒಂದು ಸಾಲು ಪಡೆದುಕೊಂಡರೆ, ಮಾದರಿ ಎಷ್ಟೇ ನಯವಾಗಿರಲಿ, ರುಚಿಭೇದವನ್ನೂ ಮನಸ್ಸಿನ ಓಲಾಟವನ್ನೂ ಬೇರ್ಪಡಿಸಲು ಆಧಾರ ಸಿಗದು. ಬೇರ್ಪಡಿಸಿದಂತೆ ಕಂಡರೆ ಅದು ನಾವೇ ಸೂತ್ರದೊಳಗೆ ಮೊದಲೇ ಇಟ್ಟ ಊಹೆಯ ಫಲ. ಸಾಲಿನ ತುದಿಗಳು ಗಟ್ಟಿ, ನಡುಭಾಗ ಜಾಳು ಎಂಬುದು ಇಂಥ ಕೆಲಸ ಮಾಡಿದವರಿಗೆಲ್ಲ ಗೊತ್ತು. ಆದರೂ ಪ್ರಬಂಧಗಳಲ್ಲಿ ಏಳನೆಯ ಸ್ಥಾನಕ್ಕೂ ಎಂಟನೆಯ ಸ್ಥಾನಕ್ಕೂ ನಡುವಿನ ವ್ಯತ್ಯಾಸಕ್ಕೆ ಒಂದು ಪುಟ ವಿವರಣೆ ಇರುತ್ತದೆ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮನಶ್ಶಾಸ್ತ್ರದ ಪ್ರಬಂಧ ಬರೆಯುತ್ತಿರುವ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಹದಿನೆಂಟು ವಸ್ತುಗಳ ಪಟ್ಟಿಯನ್ನು ಎಂಟಕ್ಕೆ ಇಳಿಸಿ. ಉಳಿದ ಸಮಯದಲ್ಲಿ, ಎರಡು ವಾರ ಬಿಟ್ಟು, ಅದೇ ಜನರ ಬಳಿ ಅದೇ ಎಂಟನ್ನು ಹಿಡಿದುಕೊಂಡು ಮತ್ತೊಮ್ಮೆ ಹೋಗಿ.